ಬಟವಾಡೆ ದಿನದ ಭರವಸೆ

2025ರ ಆಗಸ್ಟ್ 5ರಂದು ರಾಜ್ಯದ ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದ ಬೆಳಿಗ್ಗೆ ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆದ ಮಾತುಕತೆಯಿಂದ ಈ ಲೇಖನವನ್ನು ಆರಂಭಿಸುವುದು ಸೂಕ್ತ. ಅಲ್ಲಿ ನಿತ್ಯ ಸೇರುವ ನಾವು ಆರೇಳು ಮಂದಿ ನಿವೃತ್ತರು. ಬ್ಯಾಂಕು, ಕಾಲೇಜು, ಸಚಿವಾಲಯಗಳಲ್ಲಿ ದುಡಿದು ಈಗ ಪಿಂಚಣಿಯ ನೆಮ್ಮದಿಯಲ್ಲಿರುವವರು. ಹಾಸನದಿಂದ ಹೊರಡಬೇಕಿದ್ದ ತಂಗಿ ಬಸ್ಸಿಲ್ಲದೆ ಅಲ್ಲೇ ಉಳಿದರೆಂದು ಗೆಳೆಯರೊಬ್ಬರು ಸಿಟ್ಟಾಗಿದ್ದರು. ‘ಈ ದೇಶ ಹಾಳಾದದ್ದೇ ಯೂನಿಯನ್ನುಗಳಿಂದ’ ಎಂದರು. ಉಳಿದವರು ತಲೆಯಾಡಿಸಿದರು. ನೌಕರರ ಮುಖ್ಯ ಬೇಡಿಕೆ 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿ ಎಂಬ ಸಂಗತಿ ಆ ಚರ್ಚೆಯಲ್ಲಿ ಬರಲೇ ಇಲ್ಲ. ಮರುವಾರ ಅದೇ ಗೆಳೆಯರು ಒಂದು ಮನವಿಪತ್ರ ತಂದು ನಮ್ಮೆಲ್ಲರ ಸಹಿ ಕೇಳಿದರು. ಕೋವಿಡ್ ಕಾಲದಲ್ಲಿ ತಡೆಹಿಡಿದ 18 ತಿಂಗಳ ತುಟ್ಟಿಭತ್ಯೆಯನ್ನು ಕೊಡಬೇಕೆಂದು ಪಿಂಚಣಿದಾರರ ಸಂಘ ಸಿದ್ಧಪಡಿಸಿದ್ದ ಮನವಿ ಅದು. ನಾನೂ ಸಹಿ ಹಾಕಿದೆ.

ಈ ವಿರೋಧಾಭಾಸ ನನ್ನ ಗೆಳೆಯರೊಬ್ಬರದೇ ಅಲ್ಲ, ನಮ್ಮ ಇಡೀ ವರ್ಗದ್ದು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಗೈರಾದರು. ಅಂದೇ ಮೂಲವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಗಿ ಮುಷ್ಕರ ಮುಗಿಯಿತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶಿಫಾರಸುಗಳು ಜಾರಿಗೆ ಬಂದವು. ಸಂಘಟನೆಯ ಬಲ ಏನೆಂಬುದು ವಿದ್ಯಾವಂತ ಮಧ್ಯಮ ವರ್ಗಕ್ಕೆ ಚೆನ್ನಾಗಿಯೇ ಗೊತ್ತಿದೆ. ನಮ್ಮದನ್ನು ಸಂಘ ಎನ್ನುತ್ತೇವೆ, ಅವರದನ್ನು ಯೂನಿಯನ್ ಎನ್ನುತ್ತೇವೆ, ವ್ಯತ್ಯಾಸ ಅಷ್ಟೇ. ಮುಷ್ಕರದ ದಿನ ಬೀದಿಯಲ್ಲಿ ಕಾಣುವ ಗದ್ದಲವನ್ನು ಮಾತ್ರ ನೋಡಿ ಕಾರ್ಮಿಕ ಸಂಘಗಳನ್ನು ಅಳೆಯುವ ನಾವು, ಉಳಿದ ದಿನಗಳಲ್ಲಿ ಅವು ದುಡಿಯುವವರ ಮನೆಯೊಳಗೆ ಏನು ಮಾಡುತ್ತವೆ ಎಂಬುದನ್ನು ನೋಡುವುದಿಲ್ಲ. ನಾನು ಅದನ್ನು ಒಳಗಿನಿಂದಲೂ ಹೊರಗಿನಿಂದಲೂ ಕಂಡವನು. ಆ ಕಾರಣಕ್ಕಾಗಿಯೇ ಈ ಬರಹ.

ನನ್ನ ತಂದೆ ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಮದಲ್ಲಿ ಟರ್ನರ್ ಆಗಿದ್ದರು. ತುಮಕೂರು ಜಿಲ್ಲೆಯ ಮಳೆಯಾಶ್ರಿತ ಹಳ್ಳಿಯೊಂದರಿಂದ ಬಂದು ಕೆಲಸಕ್ಕೆ ಸೇರಿದವರು. 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, ನಂತರ ಬಂದ ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ಗಳು ಇಂಥ ಸಾವಿರಾರು ಕುಟುಂಬಗಳನ್ನು ಈ ನಗರಕ್ಕೆ ಕರೆತಂದವು. ಹಳ್ಳಿಯಲ್ಲಿ ನಮ್ಮ ಅಜ್ಜನಿಗೆ ಮುಂದಿನ ವರ್ಷ ಏನಾಗುತ್ತದೆ ಎಂಬುದು ಮೋಡ ನೋಡಿ ಹೇಳುವ ಮಾತಾಗಿತ್ತು. ನಮ್ಮ ಅಮ್ಮನಿಗೆ ಮಾತ್ರ ಬಟವಾಡೆಯ ದಿನ ಗೊತ್ತಿತ್ತು. ಅಂದು ಸಂಬಳ ಕೈಗೆ ಬಂದೇ ಬರುತ್ತದೆ, ಇಷ್ಟೇ ಬರುತ್ತದೆ, ಹಬ್ಬದ ಹೊತ್ತಿಗೆ ಬೋನಸ್ ಬರುತ್ತದೆ ಎಂಬ ಖಾತ್ರಿಯ ಮೇಲೆ ಆಕೆ ಮನೆ ನಡೆಸಿದಳು. ದಿನಸಿ ಅಂಗಡಿಯ ಲೆಕ್ಕ, ಚೀಟಿಯ ಕಂತು, ನಮ್ಮ ಮೂವರ ಶಾಲೆಯ ಶುಲ್ಕ ಎಲ್ಲವೂ ಆ ಒಂದು ದಿನಕ್ಕೆ ಕಟ್ಟಿದ ಗಂಟುಗಳು. ‘ಬಟವಾಡೆ ದಿನ ಗೊತ್ತಿದ್ದರೆ ಸಾಲಕ್ಕೂ ಮರ್ಯಾದೆ ಇರುತ್ತೆ’ ಎಂದು ಅಮ್ಮ ಹೇಳುತ್ತಿದ್ದಳು. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಆದಾಯದ ಅನಿಶ್ಚಿತತೆಯ ಬಗ್ಗೆ ಓದುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು.

ಆ ಖಾತ್ರಿಯನ್ನು ಯಾರೂ ದಾನವಾಗಿ ಕೊಟ್ಟಿರಲಿಲ್ಲ. ಅದು ಕಾರ್ಖಾನೆಯ ಆಡಳಿತ ಮತ್ತು ಸಂಘದ ನಡುವೆ ಕೆಲವು ವರ್ಷಗಳಿಗೊಮ್ಮೆ ಸಹಿಯಾಗುತ್ತಿದ್ದ ವೇತನ ಒಪ್ಪಂದದಿಂದ ಬಂದದ್ದು. ಸಂಬಳದ ದರ, ಬಡ್ತಿಯ ಕ್ರಮ, ಕ್ಯಾಂಟೀನಿನ ಊಟದ ಬೆಲೆ, ಕಾರ್ಖಾನೆ ಬಸ್ಸಿನ ಮಾರ್ಗ ಕೂಡ ಆ ಮೇಜಿನ ಮೇಲೆ ಚರ್ಚೆಯಾಗುತ್ತಿದ್ದವು. ಮೇಸ್ತ್ರಿಯ ಕೋಪತಾಪಗಳಿಗೆ ಒಬ್ಬನ ಕೆಲಸ ಹೋಗದಂತೆ ವಿಚಾರಣೆಯ ಕ್ರಮವೊಂದು ಇತ್ತು. ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಒಪ್ಪಂದಗಳ ಬಲದಿಂದ.

ಸಂಘ ಎಂದರೆ ಬರೀ ಗಳಿಕೆ ಎಂದು ಹೇಳಿದರೆ ಅಪ್ರಾಮಾಣಿಕತೆಯಾದೀತು. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ 1981ರ ಮಾರ್ಚ್‌ವರೆಗೆ, 77 ದಿನಗಳ ಕಾಲ, ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ನಡೆಸಿದರು. ಭೆಲ್ ನೌಕರರಿಗೆ ಸಮನಾದ ವೇತನ ಬೇಕೆಂಬುದು ಅವರ ಬೇಡಿಕೆ. ಆಗ ನಾನು ಪದವಿ ವಿದ್ಯಾರ್ಥಿ. ಎರಡು ಬಟವಾಡೆಗಳು ಬಾರದೆ ಹೋದವು. ಅಮ್ಮನ ಬಳೆಗಳು ಗಿರವಿ ಅಂಗಡಿ ಸೇರಿದವು. ದಿನಸಿ ಅಂಗಡಿಯ ಶೆಟ್ಟರು ಮಾತ್ರ ಕೊನೆಯವರೆಗೂ ಅಕ್ಕಿ, ಬೇಳೆ ನಿಲ್ಲಿಸಲಿಲ್ಲ. ಬೇಡಿಕೆ ಈಡೇರದೆಯೇ ಮುಷ್ಕರ ಮುಗಿಯಿತು. ‘ಇಷ್ಟೆಲ್ಲ ಪಟ್ಟು ಏನು ಸಿಕ್ಕಿತಪ್ಪ?’ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಳಿದೆವಲ್ಲ’ ಎಂದರು. ಆ ಮುಷ್ಕರದ ತಂತ್ರ ಸರಿಯಿತ್ತೇ ಎಂಬ ಬಗ್ಗೆ ನನಗೆ ಇಂದಿಗೂ ಸಂಶಯವಿದೆ. ಆದರೆ ಕೇಳಲು ಸಾಧ್ಯವಿರುವ ಸ್ಥಿತಿಗೂ ಸಾಧ್ಯವಿಲ್ಲದ ಸ್ಥಿತಿಗೂ ಇರುವ ಅಂತರ ಎಷ್ಟು ದೊಡ್ಡದು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಾಗ.

ಸೇವೆಯ ನಡುವಿನ ವರ್ಷಗಳಲ್ಲಿ ಒಂದು ಊರಿನ ಪೌರಾಡಳಿತದ ಹೊಣೆ ನನ್ನ ಮೇಲಿತ್ತು. ಊರು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಬೀದಿ ಗುಡಿಸುವವರನ್ನು ಗುತ್ತಿಗೆದಾರನೊಬ್ಬ ಒದಗಿಸುತ್ತಿದ್ದ. ಹಾಜರಿ ಪಟ್ಟಿ, ಸಂಬಳ, ಭವಿಷ್ಯ ನಿಧಿಯ ಕಡಿತ ಎಲ್ಲವೂ ಅಚ್ಚುಕಟ್ಟಾಗಿ ನಮೂದಾಗಿದ್ದ ಬಿಲ್ಲಿಗೆ ನಾನು ಪ್ರತಿ ತಿಂಗಳು ಸಹಿ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಪೌರಕಾರ್ಮಿಕ ಮಹಿಳೆಯೊಬ್ಬರು ಕಚೇರಿಗೆ ಬಂದರು. ಅದೇ ಕೆಲಸದಲ್ಲಿದ್ದ ಅವರ ಗಂಡ ತೀರಿಕೊಂಡಿದ್ದರು. ಭವಿಷ್ಯ ನಿಧಿ ಕಚೇರಿಯಲ್ಲಿ ವಿಚಾರಿಸಿದರೆ ಅವರ ಹೆಸರಿನಲ್ಲಿ ಖಾತೆಯೇ ಇಲ್ಲ ಎಂದಿದ್ದರು. ಕಡತ ತರಿಸಿ ನೋಡಿದರೆ, ಸಂಬಳದಿಂದ ಕಡಿದುಕೊಂಡ ಹಣವನ್ನು ಗುತ್ತಿಗೆದಾರ ವರ್ಷಗಳಿಂದ ಕಟ್ಟಿಯೇ ಇರಲಿಲ್ಲ. ‘ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?’ ಎಂದು ಕೇಳಿದೆ. ‘ಕೇಳಿದವರ ಹೆಸರು ಮುಂದಿನ ತಿಂಗಳ ಪಟ್ಟೀಲಿ ಇರಲ್ಲ ಸ್ವಾಮಿ’ ಎಂದರು. ನೋಟಿಸು ಕೊಟ್ಟೆ, ಒಂದಿಷ್ಟು ವಸೂಲಾಯಿತು. ಆದರೆ ಆ ಮಾತು ಇಂದಿಗೂ ಚುಚ್ಚುತ್ತದೆ. ಕಾಯ್ದೆ ಇತ್ತು, ಅಧಿಕಾರಿ ಇದ್ದ, ಅಧಿಕಾರಿಯ ಸಹಿಯೂ ಇತ್ತು. ಇಲ್ಲದಿದ್ದದ್ದು, ಹೆಸರು ಹೋಗುವ ಭಯವಿಲ್ಲದೆ ಪ್ರಶ್ನೆ ಕೇಳಬಲ್ಲ ಒಂದು ಸಂಘ. ಸಾವಿರ ಇನ್‌ಸ್ಪೆಕ್ಟರುಗಳು ಮಾಡಲಾರದ ತಪಾಸಣೆಯನ್ನು, ತಮ್ಮ ಸಂಬಳದ ಚೀಟಿಯನ್ನು ತಾವೇ ಓದಿ ಪ್ರಶ್ನಿಸಬಲ್ಲ ನೂರು ಜನ ಮಾಡುತ್ತಾರೆ.

ಬೆಂಗಳೂರಿನ ಪೌರಕಾರ್ಮಿಕರು ಮುಂದೆ ಅದನ್ನೇ ಮಾಡಿ ತೋರಿಸಿದರು. ವರ್ಷಗಳ ಹೋರಾಟದ ನಂತರ, 2018ರ ಹೊತ್ತಿಗೆ ಗುತ್ತಿಗೆದಾರರ ಬದಲು ಅಂದಿನ ಬಿಬಿಎಂಪಿಯಿಂದಲೇ ಅವರಿಗೆ ನೇರ ವೇತನ ಪಾವತಿ ಆರಂಭವಾಯಿತು. ಸೇವೆ ಕಾಯಂ ಆಗಬೇಕೆಂದು 2022ರ ಜುಲೈ ಮೊದಲ ವಾರ ಅವರು ಮುಷ್ಕರ ನಡೆಸಿದರು. ಮನೆಯ ಮುಂದೆ ಕಸ ಉಳಿದ ಆ ದಿನಗಳು ಓದುಗರಿಗೆ ನೆನಪಿರಬಹುದು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿಯ ಆದೇಶಪತ್ರ ಸಿಕ್ಕಿತು. ಅವರಲ್ಲಿ ಬಹುಪಾಲು ಮಹಿಳೆಯರು, ಬಹುಪಾಲು ದಲಿತರು. ನಾನು ಒಬ್ಬ ಅಧಿಕಾರಿಯಾಗಿ ಕಾಪಾಡಲಾಗದ ಹಕ್ಕನ್ನು ಅವರು ಸಂಘಟಿತರಾಗಿ ಪಡೆದರು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಂಘದಿಂದ ಲಾಭ ಸದಸ್ಯನಿಗೆ ಮಾತ್ರ ಎಂಬ ಮಾತೂ ಕೇಳಿಬರುತ್ತದೆ. ಇದು ಸತ್ಯಕ್ಕೆ ದೂರ. ನಮ್ಮ ದೇಶದಲ್ಲಿ ಕನಿಷ್ಠ ವೇತನವನ್ನು ಲೆಕ್ಕ ಹಾಕುವ ಸೂತ್ರವನ್ನೇ ನೋಡಿ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಟ್ಟಿಗೆ ಕುಳಿತು ಅದನ್ನು ನಿರ್ಧರಿಸಿದವು. ದುಡಿಯುವ ಒಬ್ಬನ ಕೂಲಿ ಅವನೊಬ್ಬನಿಗಲ್ಲ, ಕುಟುಂಬದ ಮೂರು ಬಳಕೆ ಘಟಕಗಳಿಗೆ ಸಾಲಬೇಕು. ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಮತ್ತು ದೀಪದ ಖರ್ಚು ಅದರಲ್ಲಿ ಸೇರಿರಬೇಕು ಎಂದು ಒಪ್ಪಲಾಯಿತು. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಮದುವೆ, ವೃದ್ಧಾಪ್ಯ ಮುಂತಾದವುಗಳಿಗಾಗಿ ಶೇ 25ನ್ನು ಸೇರಿಸಬೇಕೆಂದು ಹೇಳಿತು. ಆ ಪ್ರಕರಣದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರು ಒಂದು ಕಾರ್ಖಾನೆಯ ಕಾರ್ಮಿಕರು. ಸಂಘವೆಂದರೆ ಏನೆಂದೇ ತಿಳಿಯದ ಹೋಟೆಲ್ ಕೆಲಸಗಾರನಿಗೂ, ಅಂಗಡಿಯ ಸಹಾಯಕನಿಗೂ ಇಂದು ಕಾನೂನು ಕೊಡುವ ರಕ್ಷಣೆಯ ಹಿಂದೆ ಆ ಸೂತ್ರವಿದೆ. ಕಾರ್ಮಿಕನ ಹಿಂದೆ ಒಂದು ಮನೆ ಇದೆ ಎಂಬುದನ್ನು ನಮ್ಮ ವೇತನ ನೀತಿಗೆ ನೆನಪಿಸಿದವರಲ್ಲಿ ಕಾರ್ಮಿಕ ಸಂಘಗಳು ಮೊದಲ ಸಾಲಿನಲ್ಲಿವೆ.

ಸಂಘಗಳಿಲ್ಲದಿದ್ದರೆ ಕೈಗಾರಿಕಾ ಶಾಂತಿ ನೆಲೆಸುತ್ತದೆ ಎಂಬುದು ಮತ್ತೊಂದು ನಂಬಿಕೆ. ಅದನ್ನು ಪರೀಕ್ಷಿಸಲು ನಮ್ಮ ನಗರದ ಸಿದ್ಧ ಉಡುಪು ಉದ್ಯಮಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಹಿಳೆಯರು ದುಡಿಯುತ್ತಾರೆ. ಅವರಲ್ಲಿ ಸಂಘದ ಸದಸ್ಯರ ಪ್ರಮಾಣ ತೀರಾ ಕಡಿಮೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮ ತಂದಿತು. ನಲವತ್ತು ದಾಟುವ ಮುನ್ನವೇ ಬೆನ್ನು, ಕಣ್ಣು ಸೋತು ಹೊಲಿಗೆ ಯಂತ್ರದಿಂದ ಏಳುವ ಹೆಣ್ಣುಮಕ್ಕಳಿಗೆ ಆ ಹಣವೆಂದರೆ ಮಗಳ ಮದುವೆ, ಮಗನ ಕಾಲೇಜು, ತೀರಿಸಬೇಕಾದ ಕೈಸಾಲ. ಏಪ್ರಿಲ್ 18 ಮತ್ತು 19ರಂದು ಅವರು ಯಾವ ನಾಯಕರ ಕರೆಯೂ ಇಲ್ಲದೆ ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಲಾಠಿ ಬೀಸಿತು, ಬಸ್ಸುಗಳು ಉರಿದವು. ಎರಡನೇ ದಿನ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಆ ಎರಡು ದಿನ ಆಡಳಿತ ನಡೆಸುವವರನ್ನು ಕಾಡಿದ ಪ್ರಶ್ನೆ ಒಂದೇ: ‘ಯಾರೊಡನೆ ಮಾತನಾಡುವುದು?’ ನಿಯಮ ಜಾರಿಯಾಗುವ ಮೊದಲೇ ‘ಇದು ನಮ್ಮವರಿಗೆ ಆಗುವುದಿಲ್ಲ’ ಎಂದು ಎದುರು ಕುಳಿತು ಹೇಳುವ ಬಲಿಷ್ಠ ಸಂಘವೊಂದಿದ್ದರೆ ಆ ಬಸ್ಸುಗಳು ಉರಿಯುತ್ತಿರಲಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ಕಾರ್ಖಾನೆಯಲ್ಲೂ ಕಂಡದ್ದು ಇದೇ. ಬಹುಪಾಲು ಗುತ್ತಿಗೆ ಕಾರ್ಮಿಕರು. ಸಂಬಳ ತಡವಾಯಿತು, ಕಡಿತವಾಯಿತು ಎಂಬ ದೂರು. ಕೇಳುವವರಿಲ್ಲದೆ ಕೊನೆಗೆ ಗಾಜು ಒಡೆಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರು ಹೊರಬರುವ ದಾರಿಯನ್ನೇ ಮುಚ್ಚಿ, ಅದು ಗೋಡೆ ಒಡೆದು ಬಂತೆಂದು ಆಶ್ಚರ್ಯಪಡುವುದರಲ್ಲಿ ಅರ್ಥವಿಲ್ಲ. ಅದೇ 2020ರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿಯ ತುಟ್ಟಿಭತ್ಯೆ ಏರಿಕೆಯನ್ನು ಮುಂದೂಡಿದಾಗ ಗಾಜು ಒಡೆಯಲಿಲ್ಲ. ಸದಸ್ಯರು ಕಡಿಮೆಯಿದ್ದರೂ ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಸಂಘಗಳ ಇರುವಿಕೆಗೂ ಇಲ್ಲದಿರುವಿಕೆಗೂ ಇರುವ ವ್ಯತ್ಯಾಸ ಇದು.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಆಕ್ಷೇಪಿಸಬಹುದು. ಕೂಲಿ ಮಾರುಕಟ್ಟೆಯಲ್ಲಿ ನಿರ್ಧಾರವಾಗಲಿ, ಸಂಘಗಳು ಬೆಲೆಯನ್ನು ಕೃತಕವಾಗಿ ಏರಿಸುತ್ತವೆ, ಉದ್ಯಮ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬುದು ಆ ವಾದ. ಮಾಲೀಕರು ಕೂಲಿಯ ವಿಷಯದಲ್ಲಿ ಸದಾ ಮೌನವಾದ ಒಪ್ಪಂದದಲ್ಲಿರುತ್ತಾರೆ ಎಂದು 1776ರಷ್ಟು ಹಿಂದೆಯೇ ಗುರುತಿಸಿದವನು ಮುಕ್ತ ಮಾರುಕಟ್ಟೆಯ ಪಿತಾಮಹನೆನಿಸಿದ ಆಡಂ ಸ್ಮಿತ್. ತಿಂಗಳುಗಟ್ಟಲೆ ಕಾಯಬಲ್ಲ ಒಬ್ಬ, ನಾಳೆಯ ಅಕ್ಕಿಗೆ ಇಂದೇ ದುಡಿಯಬೇಕಾದ ಇನ್ನೊಬ್ಬ, ಇವರಿಬ್ಬರ ನಡುವಿನ ಚೌಕಾಸಿ ಸಮಾನರ ಚೌಕಾಸಿಯಲ್ಲ. 1984ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಫ್ರೀಮನ್ ಮತ್ತು ಜೇಮ್ಸ್ ಮೆಡಾಫ್ ಸಂಘಗಳಿಗೆ ಎರಡು ಮುಖಗಳಿವೆ ಎಂದು ತೋರಿಸಿದರು. ಒಂದು, ಕೂಲಿ ಏರಿಸುವ ಏಕಸ್ವಾಮ್ಯದ ಮುಖ. ಇನ್ನೊಂದು, ಕಾರ್ಮಿಕರ ದನಿಯಾಗುವ ಮುಖ. ಎರಡನೆಯದು ಇರುವಲ್ಲಿ ಜನ ಕೆಲಸ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ ಎಂಬುದು ಅವರ ಮುಖ್ಯ ತೀರ್ಮಾನಗಳಲ್ಲೊಂದು. ಹೊಸಬರಿಗೆ ಪದೇ ಪದೇ ತರಬೇತಿ ಕೊಡಬೇಕಾದ ಉದ್ಯಮಕ್ಕೆ ಇದು ಸಣ್ಣ ಉಳಿತಾಯವೇನಲ್ಲ.

ಹಾಗೆಂದು ನಮ್ಮ ಸಂಘಗಳ ದೋಷಗಳನ್ನು ಮರೆಮಾಚಬೇಕಿಲ್ಲ. ಪಕ್ಷಕ್ಕೊಂದು ಸಂಘ, ನಾಯಕನಿಗೊಂದು ಬಣ ಎಂಬ ಸ್ಥಿತಿ ಇದೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಂಬೈ ಜವಳಿ ಮುಷ್ಕರ ಸುಮಾರು ಎರಡೂವರೆ ಲಕ್ಷ ಕುಟುಂಬಗಳನ್ನು ಕಂಗೆಡಿಸಿತು. ಹಿಂದೆ ಸರಿಯುವ ಹೊತ್ತು ಯಾವುದೆಂದು ತಿಳಿಯದ ನಾಯಕತ್ವದ ಬೆಲೆಯನ್ನು ಅದು ಕಲಿಸಿತು. ಎಲ್ಲಕ್ಕಿಂತ ದೊಡ್ಡ ಲೋಪ, ಕಾಯಂ ಕಾರ್ಮಿಕರ ಸಂಘಗಳು ಅದೇ ಛಾವಣಿಯ ಕೆಳಗೆ, ಅದೇ ಕೆಲಸವನ್ನು ಅರ್ಧ ಸಂಬಳಕ್ಕೆ ಮಾಡುವ ಗುತ್ತಿಗೆ ಕಾರ್ಮಿಕನನ್ನು ಬಹುಕಾಲ ತಮ್ಮವನೆಂದು ಕಾಣದೆ ಹೋದದ್ದು. ನನ್ನ ತಂದೆಯ ಪೀಳಿಗೆಯ ಸಂಘಗಳೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಮಹಿಳೆಯರೇ ಬಹುಸಂಖ್ಯಾತರಾಗಿರುವ ಉದ್ಯಮಗಳಲ್ಲೂ ವೇದಿಕೆಯ ಮೇಲೆ ಗಂಡಸರೇ ಕೂರುವುದು ಇನ್ನೊಂದು ಲೋಪ. ಆದರೆ ಇವು ತಿದ್ದಬೇಕಾದ ದೋಷಗಳು. ಶಾಸನಸಭೆಯಲ್ಲಿ ಗದ್ದಲವಾಯಿತೆಂದು ಶಾಸನಸಭೆಯೇ ಬೇಡ ಎನ್ನುತ್ತೇವೆಯೇ?

ಈ ವಿಚಾರವನ್ನು ಈಗಲೇ ಎತ್ತಲು ಕಾರಣವಿದೆ. 29 ಕೇಂದ್ರ ಕಾರ್ಮಿಕ ಕಾನೂನುಗಳ ಬದಲಿಗೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ಸ್ವಾಗತಾರ್ಹ ಅಂಶಗಳಿವೆ. ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕು. ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘದೊಡನೆ ಆಡಳಿತ ಮಾತುಕತೆ ನಡೆಸಬೇಕು. 1926ರ ಕಾರ್ಮಿಕ ಸಂಘಗಳ ಕಾಯ್ದೆ ನೋಂದಣಿ ಕೊಟ್ಟಿತ್ತು, ಇಂಥ ಮಾನ್ಯತೆಯನ್ನು ಕೊಟ್ಟಿರಲಿಲ್ಲ. ಆದರೆ ಅದೇ ಸಂಹಿತೆ ಎಲ್ಲ ಉದ್ಯಮಗಳಲ್ಲೂ ಮುಷ್ಕರಕ್ಕೆ 14 ದಿನಗಳ ಮುಂಚಿತ ನೋಟಿಸ್ ಕಡ್ಡಾಯ ಮಾಡಿದೆ. ರಾಜಿ ಸಂಧಾನ ನಡೆಯುತ್ತಿರುವಾಗ ಮುಷ್ಕರ ಕಾನೂನುಬಾಹಿರ. ಅರ್ಧದಷ್ಟು ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾಗುವ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಲಾಗಿದೆ. ಒಂದು ಕೈಯಲ್ಲಿ ಮಾತನಾಡುವ ಹಕ್ಕು ಕೊಟ್ಟು, ಮಾತಿಗೆ ತೂಕ ಕೊಡುವ ಏಕೈಕ ಸಾಧನವನ್ನು ಇನ್ನೊಂದು ಕೈಯಲ್ಲಿ ಹಿಂತೆಗೆದುಕೊಂಡಂತಾಗಬಾರದು.

ಇದು ಇತರರ ಸಮಸ್ಯೆ ಎಂದು ನಮ್ಮ ವರ್ಗ ಇನ್ನು ಸುಮ್ಮನಿರುವಂತಿಲ್ಲ. 2024ರಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಚರ್ಚೆಗೆ ಬಂದಾಗ, ನಮ್ಮ ಮಕ್ಕಳ ಪರವಾಗಿ ಬಹಿರಂಗವಾಗಿ ವಿರೋಧಿಸಿದ್ದು ಐಟಿ ನೌಕರರದೇ ಸಂಘವಾದ ಕೆಐಟಿಯು. ಮನೆಬಾಗಿಲಿಗೆ ಊಟ ತರುವ ಯುವಕರಿಗಾಗಿ, ಆ ಕಾರ್ಮಿಕರ ಸಂಘಟನೆಗಳ ಸತತ ಒತ್ತಾಯದ ಫಲವಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ಅದರಲ್ಲಿವೆ. ಮೊಬೈಲ್ ಪರದೆಯ ಮೇಲೆ ಖಾತೆ ಮುಚ್ಚಿದರೆ ಕೆಲಸ ಹೋದಂತೆ ಎನ್ನುವ ಹುಡುಗನಿಗೂ, ಹಾಜರಿ ಪಟ್ಟಿಯಿಂದ ಹೆಸರು ಹೋಗುತ್ತದೆಂದು ಅಂಜಿದ ಆ ಪೌರಕಾರ್ಮಿಕ ಮಹಿಳೆಗೂ ಕಾಡಿದ ಭಯ ಒಂದೇ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಹೆಚ್ಚೇನಿಲ್ಲ. ರಾಜಿ ಸಂಧಾನ ವರ್ಷಗಟ್ಟಲೆ ಎಳೆಯದಂತೆ ಕಾಲಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಅದಕ್ಕೆ ಬೇಕಾದ ಅಧಿಕಾರಿಗಳನ್ನು ನೇಮಿಸಬೇಕು. ಕನಿಷ್ಠ ವೇತನವನ್ನು ಐದು ವರ್ಷದೊಳಗೆ ಪರಿಷ್ಕರಿಸಬೇಕೆಂಬ ನಿಯಮಕ್ಕೆ ತಾನೇ ಬದ್ಧವಾಗಿರಬೇಕು. ಸಂಘ ಕಟ್ಟಲು ಹೋದ ಕಾರಣಕ್ಕೆ ಕೆಲಸದಿಂದ ತೆಗೆದ ದೂರುಗಳನ್ನು ಮೊದಲು ಇತ್ಯರ್ಥಪಡಿಸಬೇಕು. ಸಂಘಗಳು ಗುತ್ತಿಗೆ ಕಾರ್ಮಿಕರಿಗೆ ಬಾಗಿಲು ತೆರೆಯಬೇಕು, ಲೆಕ್ಕಪತ್ರಗಳನ್ನು ಸದಸ್ಯರ ಮುಂದಿಡಬೇಕು.

ಇನ್ನು ನಾವು. ಅಪ್ಪ ತೀರಿಕೊಂಡು ವರ್ಷಗಳಾದವು. ನಾನು ಇಂದು ಕೂತು ಬರೆಯುತ್ತಿರುವ ಈ ಮನೆ, ನನ್ನ ಮಕ್ಕಳ ವಿದ್ಯೆ, ಕೊನೆಗೆ ಯೂನಿಯನ್ನುಗಳನ್ನು ಬೈಯುವಷ್ಟು ಬಿಡುವು ಕೂಡ ಅವರ ಸಂಘದ ಚಂದಾ ರಸೀದಿಗಳಿಗೆ ಋಣಿ. ಮುಂದಿನ ಬಾರಿ ಬಸ್ಸು ನಿಂತಾಗ, ಕಸ ಉಳಿದಾಗ ಬೇಸರವಾಗುವುದು ಸಹಜ. ಬೇಸರಿಸುವ ಮುನ್ನ ಅವರ ಬೇಡಿಕೆಯ ಪಟ್ಟಿಯನ್ನೂ ಒಮ್ಮೆ ಓದೋಣ. ಅದರಲ್ಲಿ ನಮ್ಮ ಮನವಿಪತ್ರದಲ್ಲಿ ಇಲ್ಲದ್ದು ಏನೂ ಇರಲಾರದು.